ಹುಸೇನ್ ಸಾಗರದಲ್ಲಿ ಹಾಯಿದೋಣಿಯ ಪಂದ್ಯ

ಹೈದರಾಬಾದು, ಸಿಕಂದರಾಬಾದುಗಳೆಂಬ ಅವಳಿ ನಗರಗಳ ನಡುವೆ ಹುಸೇನ್ ಸಾಗರವೆಂಬ ವಿಶಾಲವಾದ ಕೆರೆಯಿರುವುದು ವಾಚಕರಿಗೆ ತಿಳಿದ ವಿಷಯವೇ. ಹದಿನಾರನೆಯ ಶತಮಾನದಲ್ಲಿ, ಇಬ್ರಾಹಿಂ ಕುತುಬ್ ಶಹನ ಆಳ್ವಿಕೆಯಲ್ಲಿ, ಇದನ್ನು ಕಟ್ಟಿಸಲಾಯಿತು. ಒಂದು ಕಾಲಕ್ಕೆ ಪಟ್ಟಣಕ್ಕೆ ಕುಡಿಯುವ ನೀರನ್ನೊದಗಿಸಿದ ಈ ಜಲಾಶಯವನ್ನು ಈಚಿನ ತಲೆಮಾರುಗಳು ಊರ ಕೊಳಚೆಯಿಂದ ಕೆಡಿಸಿರುವುದು ಶೋಚನೀಯವಾದ ಸಂಗತಿ. ನಡುವೆ ನಿಂತಿರುವ ಏಕಶಿಲೆಯ ಬುದ್ಧಮೂರ್ತಿಯು 1990ರಲ್ಲಿ ಸಾಗಿಸುವಾಗ ನೀರಿಗೆ ಜಾರಿತು. ಆಗ ಹಲವರು ಪ್ರಾಣ ಕಳೆದುಕೊಂಡರು. 1992ರಲ್ಲಿ ಅದನ್ನು ಮೇಲೆತ್ತಿ ನಿಲ್ಲಿಸಿದರು. ಈ ನೀರು ಆಟದ ಬೋಗುಣಿಯಲ್ಲವೆಂಬುದಕ್ಕೆ ಅದೊಂದೇ ಸಾಕು.

ಸಿಕಂದರಾಬಾದಿನ ಕಡೆಯ ದಡದಲ್ಲಿ ಸೈನ್ಯದವರೂ ನಾಗರಿಕರೂ ಹಾಯಿದೋಣಿ ನಡೆಸುವ ಸಂಘಗಳಿವೆ. ನಮ್ಮ ಮನೆಯ ಹುಡುಗಿಯೊಬ್ಬಳು ತಾನೂ ದೋಣಿ ಹತ್ತುವೆನೆಂದು ಹಠ ಹಿಡಿದಳು. ಹೆಣ್ಣುಮಗು, ಅದರಲ್ಲೂ ಆಳವಾದ ನೀರು ಎಂದು ಮನೆಯಲ್ಲಿ ಹಿರಿಯರು ಬೇಡವೆಂದರು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚೆನ್ನೈನ ನೇತ್ರಾ ಕುಮಾನನ್ ಎಂಬ ತರುಣಿ ಇಂಥದೇ ದೋಣಿಯನ್ನು ನಡೆಸಿದಳೆಂದು ಹುಡುಗಿ ವಾದಿಸಿದಳು. ಕಳುಹಿಸುವುದೋ ಬಿಡುವುದೋ ಎಂದು ತೀರ್ಮಾನಿಸುವ ಮುನ್ನ ಆ ವಿದ್ಯೆಯನ್ನು ನಾವೇ ಕಲಿತು ನೋಡುವುದು ನ್ಯಾಯವೆಂದು ತೋರಿತು.

ನಮಗೆ ಕೊಟ್ಟುದು ಹೊಸದಾಗಿ ತರಿಸಿದ ಲೇಸರ್ ಎಂಬ ಜಾತಿಯ ದೋಣಿ. ಕೆನಡಾದ ಬ್ರೂಸ್ ಕರ್ಬಿಯೆಂಬವರು ಇದರ ವಿನ್ಯಾಸಕಾರರು. 1996ರಲ್ಲಿ ಇದು ಒಲಿಂಪಿಕ್ ಪಂದ್ಯಕ್ಕೂ ಸೇರಿತು. ಉದ್ದ ಸುಮಾರು 4.2 ಮೀಟರು, ಒಡಲಿನ ತೂಕ 60 ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ. ಒಂದೇ ಹಾಯಿ, ಒಬ್ಬರೇ ಸವಾರರು. ಬದಿಯಲ್ಲಿ ಕುಳಿತು ಬೆನ್ನನ್ನು ನೀರಿನ ಮೇಲಕ್ಕೆ ಚಾಚಿದರೆ ಮಾತ್ರ ಗಾಳಿಯ ಒತ್ತಡಕ್ಕೆ ಸಮತೂಕ ಬರುವುದು. ಮಗ್ಗುಲು ಬದಲಿಸುವಾಗ ಹಾಯಿಯ ಅಡಿಗೋಲು ತಲೆಯ ಮೇಲಿಂದಲೇ ಹಾಯ್ದುಹೋಗುತ್ತದೆ. ತಲೆ ತಗ್ಗಿಸುವ ವಿನಯವನ್ನು ಅದು ಯಾವ ಗುರುವಿಗಿಂತಲೂ ಬೇಗ ಕಲಿಸುವುದು!

ಮಗುಚುವುದು ಕಲಿಕೆಯ ಮೊದಲನೆಯ ಪಾಠ. ತೇಲುಕವಚ ತೊಟ್ಟವನು ಮುಳುಗಲಾರ. ಮಗುಚಿದ ದೋಣಿಯ ನಡುಹಲಗೆಯ ಮೇಲೆ ನಿಂತು ಅಂಚನ್ನು ಹಿಡಿದು ಹಿಂದಕ್ಕೆ ಬಾಗಿದರೆ ಹಾಯಿ ತಾನಾಗಿ ಮೇಲೇಳುವುದು. ಹತ್ತು ಸಲ ಹೀಗೆ ಎತ್ತಿದ ಮೇಲೆ ಭಯ ಉಳಿಯಲಿಲ್ಲ. ಉಳಿದುದು ಬಾಯಿ ಮುಚ್ಚಿಕೊಂಡಿರಬೇಕೆಂಬ ಎಚ್ಚರಿಕೆ ಮಾತ್ರ. ನೀರಿನ ವಾಸನೆಯನ್ನು ಇಲ್ಲಿ ವರ್ಣಿಸುವುದು ಬೇಡ.

ಪಂದ್ಯದ ವಿಚಾರವೇ ಬೇರೆ. ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು; ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಏರಬೇಕು. ಮೊದಲನೆಯ ಗುರುತನ್ನು ಬೇಕೆಂದೇ ಗಾಳಿಯೆದುರಿಗೆ ನೆಟ್ಟಿರುತ್ತಾರೆ. ಹೊರಡುವುದಕ್ಕೆ 5 ನಿಮಿಷ ಮುಂಚೆ ಒಂದು ಧ್ವಜ, 4 ನಿಮಿಷ ಮುಂಚೆ ಇನ್ನೊಂದು. ಅದು 1 ನಿಮಿಷವಿರುವಾಗ ಇಳಿಯುವುದು. ಅಷ್ಟರಲ್ಲಿ ದೋಣಿಗಳೆಲ್ಲ ಗೆರೆಯ ಹಿಂದೆ ಜಾತ್ರೆಯ ಜನದಂತೆ ಒತ್ತಿಕೊಂಡು ಸುಳಿಯುವುವು. ಬಲಮಗ್ಗುಲಿಂದ ಗಾಳಿ ಪಡೆಯುವ ದೋಣಿಗೆ ಎಡಮಗ್ಗುಲಿನದು ದಾರಿ ಬಿಡತಕ್ಕದ್ದು. ಈ ನಿಯಮವೊಂದಿಲ್ಲದಿದ್ದರೆ ಅಲ್ಲಿ ಮುರಿಯದ ದೋಣಿಯೇ ಇರದು.

ಮಳೆಗಾಲದ ಪಡುವಣ ಗಾಳಿ ದಡದ ಕಟ್ಟಡಗಳನ್ನು ದಾಟಿ ಬರುವಾಗ ಚೂರುಚೂರಾಗುವುದು. ಒಂದು ಗಳಿಗೆ ಹಾಯಿ ಬಿರಿಯುವಂತೆ ಬೀಸಿ, ಮರುಗಳಿಗೆ ಉಸಿರೇ ಇಲ್ಲ. ಆದಕಾರಣ ಹಾಯಿಯನ್ನಲ್ಲ, ನೀರನ್ನು ನೋಡಬೇಕು: ಎಲ್ಲಿ ನೀರು ಕಪ್ಪಗೆ ನಿರಿಗೆಗಟ್ಟುವುದೋ ಅಲ್ಲಿ ಗಾಳಿಯಿದೆ. ಸೈನ್ಯದ ತರುಣರು ಆ ನಿರಿಗೆಗಳನ್ನು ಪಂಚಾಂಗದಂತೆ ಓದುತ್ತಿದ್ದರು. ಅವರು ಎರಡನೆಯ ಸುತ್ತು ಮುಗಿಸುವಾಗ ನಾವು ಒಂದೂವರೆಯಲ್ಲಿದ್ದೆವು. ಕೊನೆಯ ಏರಿಕೆಯಲ್ಲಿ, ಬಲಗಡೆಯ ಕಪ್ಪು ನೀರನ್ನು ಹಿಡಿದು ಇಬ್ಬರನ್ನು ಹಿಂದೆ ಹಾಕಿದ ಆನಂದವಿದೆಯಲ್ಲ, ಅದನ್ನು ಮಾತ್ರ ಬಚ್ಚಿಡಲಾರೆವು.

ದಡಕ್ಕೆ ಬಂದು ಒಳ್ಳೆಯ ನೀರಿನಿಂದ ದೋಣಿಯನ್ನೂ ಮೈಯನ್ನೂ ತೊಳೆದುಕೊಂಡೆವು. ಹುಡುಗಿಯ ಹೆಸರನ್ನು ಅದೇ ಸಂಜೆ ಬರೆಯಿಸಲಾಯಿತು; ಚಿಕ್ಕ ಮಕ್ಕಳಿಗೆಂದೇ ಇರುವ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಲ್ಲಿ ಆಕೆ ಆರಂಭಿಸತಕ್ಕದ್ದೆಂದು ಗುರುಗಳು ಹೇಳಿದರು. ಅಜ್ಜಿಯವರು ಒಂದೇ ಷರತ್ತು ಹಾಕಿದ್ದಾರೆ: ಮನೆಗೆ ಬಂದೊಡನೆ ಬಿಸಿನೀರ ಸ್ನಾನವಾಗದೆ ಅಡಿಗೆಮನೆಗೆ ಕಾಲಿಡಕೂಡದು.