ಮಾತಿನ ಚೆಲುವು

ಹೆಣ್ಣು ನೋಡಿಕೊಂಡು ಬಂದವರನ್ನು ಮನೆಯ ಬಾಗಿಲಲ್ಲಿಯೇ ತಡೆದು, "ಹುಡುಗಿ ಹೇಗಿದ್ದಾಳೆ?" ಎಂದು ಕೇಳುವುದು ನಮ್ಮವರ ವಾಡಿಕೆ. ಬಣ್ಣ, ಎತ್ತರ, ಮೂಗು, ಜಡೆ ಇಷ್ಟರ ವಿವರವನ್ನು ಒಪ್ಪಿಸಿದರೆ ಕೇಳಿದವರಿಗೆ ಸಂಪೂರ್ಣ ತೃಪ್ತಿಯಾಗುತ್ತದೆ. ಹುಡುಗಿ ಏನು ಮಾತನಾಡಿದಳು, ಯಾವ ಮಾತಿಗೆ ನಕ್ಕಳು ಎಂದು ವಿಚಾರಿಸಿದವರನ್ನು ನಾವು ಈ ಎಪ್ಪತ್ತೇಳು ವರ್ಷಗಳ ಆಯುಷ್ಯದಲ್ಲಿ ಒಬ್ಬರನ್ನೂ ಕಂಡಿಲ್ಲ. ಕುದುರೆಯನ್ನು ಕೊಳ್ಳುವವನಾದರೂ ಅದನ್ನು ನಾಲ್ಕು ಹೆಜ್ಜೆ ಓಡಿಸಿ ನೋಡುತ್ತಾನೆ. ಐವತ್ತು ವರ್ಷ ಎದುರುಬದುರು ಕುಳಿತು ಮಾತನಾಡಬೇಕಾದ ಜೀವವನ್ನು ಮಾತ್ರ ನಾವು ಗೊಂಬೆಯಂತೆ ಮಣೆಯ ಮೇಲೆ ಕೂರಿಸಿ ನೋಡಿ ಬರುತ್ತೇವೆ.

ಇಷ್ಟು ಗಂಭೀರವಾಗಿ ಆಕ್ಷೇಪಣೆ ಮಾಡುವುದಕ್ಕೆ ನಮಗೆ ಅಧಿಕಾರವಿದೆಯೆಂದು ವಾಚಕರು ಭಾವಿಸಬಾರದು. ನಾವೂ ಹಾಗೆಯೇ ನೋಡಿ ಬಂದವರು.

1969ನೆಯ ಇಸವಿಯ ಮಾಘಮಾಸದಲ್ಲಿ ನಾವು, ನಮ್ಮ ತಾಯಿಯವರು ಮತ್ತು ಸೋದರಮಾವಂದಿರು ಬೆಂಗಳೂರಿನಿಂದ ರೈಲು ಹತ್ತಿ, ಅರಸೀಕೆರೆಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಒಂದು ಸಣ್ಣ ಊರಿಗೆ ಹೋದೆವು. ಅದಕ್ಕೆ ಹಿಂದಿನ ವಾರವಷ್ಟೇ ತುಮಕೂರಿನಲ್ಲಿ ಕೇದಗೆಯ ಎಸಳಿನಂತಹ ಬಣ್ಣದ ಒಂದು ಕನ್ಯೆಯನ್ನು ನೋಡಿ ಬಂದಿದ್ದೆವು. ಆ ಬಣ್ಣ ಇನ್ನೂ ನಮ್ಮ ಕಣ್ಣಿನಲ್ಲಿ ಇತ್ತು. ಈ ಊರಿನಲ್ಲಿ ತಟ್ಟೆಗಳನ್ನು ಹಿಡಿದು ಹೊರಗೆ ಬಂದ ಹುಡುಗಿ ಕಪ್ಪೆಂದೇ ಹೇಳಬೇಕು. ಮುಂದಿನ ಹಲ್ಲು ಎರಡು ತುಸು ಮುಂದೆ, ಕನ್ನಡಕ ಬೇರೆ. ನಮ್ಮ ತಾಯಿಯವರು ಉಪ್ಪಿಟ್ಟಿನ ತಟ್ಟೆಯನ್ನು ತೆಗೆದುಕೊಂಡ ರೀತಿಯಿಂದಲೇ ಅವರ ತೀರ್ಮಾನವಾಯಿತೆಂಬುದು ನಮಗೆ ತಿಳಿದುಹೋಯಿತು.

ಸೋದರಮಾವಂದಿರು ಕ್ರಮ ತಪ್ಪಿಸುವವರಲ್ಲ. ಸಜ್ಜಿಗೆಯನ್ನು ಮುಗಿಸಿ, ಕೈ ಒರೆಸಿಕೊಂಡು, "ಹಾಡು ಬರುತ್ತದೆಯೇನಮ್ಮಾ?" ಎಂದು ಕೇಳಿದರು.

"ಬರುತ್ತದೆ. ಆದರೆ ಕರೆದಾಗ ಬರುವುದಿಲ್ಲ," ಎಂದಳು ಹುಡುಗಿ.

ನಡುಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಂತಹ ಮೌನ. ಒಳಗಿನಿಂದ ಯಾರೋ ವೃದ್ಧೆ ಎಚ್ಚರಿಕೆಯ ಕೆಮ್ಮು ಕೆಮ್ಮಿದರು. ಮಾವಂದಿರು ಬಿಡದೆ, "ಅಡುಗೆಯೋ?" ಎಂದರು.

"ಅದೂ ಬರುತ್ತದೆ. ಅದು ಮಾತ್ರ ಕರೆಯದಿದ್ದರೂ ದಿನಕ್ಕೆ ಎರಡು ಸಲ ಬರುತ್ತದೆ."

ಹುಡುಗಿಯ ತಂದೆ ನಡುವೆ ಬಾಯಿ ಹಾಕಿ, ಮನೆಯಲ್ಲಿ 'ಕೊರವಂಜಿ' ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಕಟ್ಟು ಹಾಕಿಸಿ ಇಟ್ಟಿರುವುದಾಗಿಯೂ, ಮಗು ಅದನ್ನು ಓದಿ ಓದಿ ಹೀಗಾಗಿದೆಯೆಂದೂ ಕ್ಷಮೆ ಬೇಡುವವರಂತೆ ಹೇಳಿದರು. 1942ರಲ್ಲಿ ರಾಶಿಯವರು, ಎಂದರೆ ಡಾಕ್ಟರ್ ಶಿವರಾಂ ಅವರು, ಪ್ರಾರಂಭಿಸಿದ ಆ ವಿನೋದ ಪತ್ರಿಕೆ ನಾವು ಅಲ್ಲಿಗೆ ಹೋಗುವುದಕ್ಕೆ ಎರಡು ವರ್ಷ ಮೊದಲು, 1967ರಲ್ಲಿ, ನಿಂತುಹೋಗಿತ್ತು. ಕನ್ನಡಿಗರ ಮನೆಗಳಲ್ಲಿ ನಗುವಿಗೆ ಮರ್ಯಾದೆಯ ಸ್ಥಾನವನ್ನು ಕೊಡಿಸಿದ ಪತ್ರಿಕೆಯದು. ಅದರ ಹೆಸರನ್ನು ವಧುಪರೀಕ್ಷೆಯಲ್ಲಿ ದೋಷವೆಂಬಂತೆ ಹೇಳಬೇಕಾಗಿ ಬಂದದ್ದು ಆ ತಂದೆಯ ಸಂಕಟ. ನಾವು, ನೋಡಬಂದವರೆಲ್ಲರೂ ಹೇಳುವ ಮಾತನ್ನೇ ಹೇಳಿ ಎದ್ದೆವು: "ಊರಿಗೆ ಹೋಗಿ ಕಾಗದ ಬರೆಯುತ್ತೇವೆ." ಈ ವಾಕ್ಯದ ಅರ್ಥವನ್ನು ಹೆಣ್ಣು ಹೆತ್ತವರಿಗೆ ಯಾವ ನಿಘಂಟೂ ಹೇಳಿಕೊಡಬೇಕಾಗಿಲ್ಲ.

ಹಿಂದಿರುಗುವ ಗಾಡಿಯಲ್ಲಿ ಮಾವಂದಿರು "ಬಾಯಿ ಜೋರು" ಎಂದರು. ತಾಯಿಯವರು, "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು," ಎಂಬ ಗಾದೆಯನ್ನು ಹೇಳಿ ಕಿಟಕಿಯ ಕಡೆಗೆ ತಿರುಗಿದರು. ನಾವು, "ಬಣ್ಣವೂ ಸ್ವಲ್ಪ ಕಡಮೆ," ಎಂದೆವು. ಈ ಮಾತನ್ನು ಬರೆಯುವಾಗ ಇಂದಿಗೂ ಲೇಖನಿ ಹಿಂಜರಿಯುತ್ತದೆ. ಆದರೆ ಹೇಳಿದ್ದು ನಿಜ.

ಗಾಡಿ ತಿಪಟೂರನ್ನು ಬಿಟ್ಟ ಮೇಲೆ, ಬಯಲಿನ ತೆಂಗಿನ ತೋಟಗಳ ಮೇಲೆ ಕತ್ತಲೆ ಕವಿಯುತ್ತಿರುವಾಗ, ಯಾವ ಕಾರಣವೂ ಇಲ್ಲದೆ ನಮಗೆ ನಗು ಬಂದಿತು. "ಕರೆಯದಿದ್ದರೂ ದಿನಕ್ಕೆ ಎರಡು ಸಲ." ಆ ಮಾತಿನಲ್ಲಿದ್ದ ಕೀಟಲೆಯೂ, ಅದರ ಅಡಿಯಲ್ಲಿದ್ದ ಬೇಸರವೂ ನಮಗೆ ಆಗ ಒಟ್ಟಿಗೆ ಹೊಳೆದವು. ತುಮಕೂರು ಬಂದಿತು. ಕೇದಗೆಯ ಬಣ್ಣದ ಕನ್ಯೆಯ ಊರು. ಆಕೆಯ ಮುಖವನ್ನು ನೆನಪಿಗೆ ತಂದುಕೊಳ್ಳಲು ಪ್ರಯತ್ನಿಸಿದೆವು. ಬಣ್ಣ ಮಾತ್ರ ಬಂದಿತು, ಮುಖ ಬರಲಿಲ್ಲ. ಕಪ್ಪು ಹುಡುಗಿಯ ಮುಖವಾದರೋ ಕನ್ನಡಕದ ಸಮೇತ ಎದುರಿನ ಬೆಂಚಿನ ಮೇಲೆ ಬಂದು ಕುಳಿತುಬಿಟ್ಟಿತ್ತು.

ರೂಪವು ಕಣ್ಣಿಗೆ ಒಂದೇ ಸಲಕ್ಕೆ ತನ್ನ ಸರ್ವಸ್ವವನ್ನೂ ಒಪ್ಪಿಸಿಬಿಡುತ್ತದೆ. ಬುದ್ಧಿ ಹಾಗಲ್ಲ, ಅದು ಇಂದು ಒಂದು ಮಾತು, ನಾಳೆ ಒಂದು ಮಾತು ಎಂದು ಕಂತಿನಲ್ಲಿ ಸಂದಾಯ ಮಾಡುತ್ತದೆ. ಹೆನ್ರಿ ಜೇಮ್ಸ್ ಎಂಬ ಕಾದಂಬರಿಕಾರನು 1869ರಲ್ಲಿ, ಎಂದರೆ ನಮ್ಮ ಆ ರೈಲು ಪ್ರಯಾಣಕ್ಕೆ ಸರಿಯಾಗಿ ನೂರು ವರ್ಷ ಮೊದಲು, ಲಂಡನ್ನಿನಲ್ಲಿ ಜಾರ್ಜ್ ಎಲಿಯಟ್ ಎಂಬ ಲೇಖಕಿಯನ್ನು ಕಂಡು ಬಂದು ತನ್ನ ತಂದೆಗೆ ಕಾಗದ ಬರೆದನು. ಆಕೆಯ ಹಣೆ, ಕಣ್ಣು, ಮೂಗು, ಹಲ್ಲುಗಳ ಕುರೂಪವನ್ನು ನಮ್ಮ ಸೋದರಮಾವಂದಿರಿಗಿಂತಲೂ ಹೆಚ್ಚು ಶ್ರದ್ಧೆಯಿಂದ ವರ್ಣಿಸಿ, ಮಾತಿಗೆ ಕುಳಿತ ಕೆಲವೇ ನಿಮಿಷಗಳಲ್ಲಿ ಅದೇ ಮುಖದಲ್ಲಿ ಪ್ರಬಲವಾದ ಒಂದು ಸೌಂದರ್ಯ ಹೊರಹೊಮ್ಮಿತೆಂದೂ, ತಾನು ಆಕೆಗೆ ಮನಸೋತೆನೆಂದೂ ಒಪ್ಪಿಕೊಂಡನು. ಅವನಿಗೆ ನಿಮಿಷಗಳು ಸಾಕಾದವು. ನಮಗೆ ಹನ್ನೊಂದು ದಿನ ಹಿಡಿಯಿತು.

ಗ್ರೀಸ್ ದೇಶದ ಸಾಕ್ರೆಟೀಸನ ಒಂದು ಕಥೆಯನ್ನು ಕ್ಸೆನೊಫನ್ ಎಂಬ ಅವನ ಶಿಷ್ಯನು ಬರೆದಿಟ್ಟಿದ್ದಾನೆ. ಔತಣವೊಂದರಲ್ಲಿ ಸುಂದರಾಂಗನಾದ ಕ್ರಿಟೊಬುಲಸನೆಂಬ ಯುವಕನ ಜೊತೆಯಲ್ಲಿ, ಚಪ್ಪಟೆ ಮೂಗಿನ ಈ ಮುದಿ ತತ್ತ್ವಜ್ಞಾನಿ ಸೌಂದರ್ಯದ ಪಂದ್ಯಕ್ಕೆ ನಿಂತನಂತೆ. ಯಾವ ವಸ್ತು ತನ್ನ ಕೆಲಸಕ್ಕೆ ಚೆನ್ನಾಗಿ ಒದಗುವುದೋ ಅದೇ ಸುಂದರವಲ್ಲವೆ ಎಂದು ಮೊದಲು ಎದುರಾಳಿಯಿಂದಲೇ ಒಪ್ಪಿಸಿಕೊಂಡನು. ಅನಂತರ ತನ್ನ ವಕಾಲತ್ತು. ನಿನ್ನ ಕಣ್ಣು ಎದುರಿಗಿರುವುದನ್ನು ಮಾತ್ರ ಕಾಣುತ್ತದೆ. ನನ್ನದು ಉಬ್ಬಿ ಹೊರಗೆ ಬಂದಿರುವುದರಿಂದ ಪಕ್ಕಗಳನ್ನೂ ಕಾಣುತ್ತದೆ. ನಿನ್ನ ಮೂಗಿನ ಹೊಳ್ಳೆಗಳು ನೆಲವನ್ನು ನೋಡುತ್ತವೆ. ನನ್ನವು ಅಗಲವಾಗಿ ಮೇಲಕ್ಕೆ ತೆರೆದು ಎಲ್ಲ ದಿಕ್ಕಿನ ಪರಿಮಳವನ್ನೂ ಬರಮಾಡಿಕೊಳ್ಳುತ್ತವೆ. ಚಪ್ಪಟೆ ಮೂಗು ಎರಡು ಕಣ್ಣುಗಳ ನಡುವೆ ಗೋಡೆಯಾಗಿ ನಿಲ್ಲುವುದಿಲ್ಲ. ಹೀಗೆ ಸಾಗಿತು ವಾದ. ಗುಟ್ಟಾಗಿ ಮತ ಹಾಕಿಸಿದರೆ ಒಂದೊಂದು ಮತವೂ ಕ್ರಿಟೊಬುಲಸನಿಗೇ ಬಿದ್ದಿತು. ಸಾಕ್ರೆಟೀಸನು, ನಿನ್ನ ಹಣ ನ್ಯಾಯಾಧಿಪತಿಗಳನ್ನು ಕೆಡಿಸುವಂತಹುದು ಎಂದು ಹಾಸ್ಯ ಮಾಡಿದನು. ಪಂದ್ಯದಲ್ಲಿ ಗೆದ್ದ ಆ ಚೆಲುವನ ಹೆಸರನ್ನು ಇಂದು ನಾವು ಎತ್ತುವುದು ಸೋತವನ ಕಥೆ ಹೇಳುವುದಕ್ಕಾಗಿ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹಂಪೆ ಆನೆಗೊಂದಿಗಳ ಸುತ್ತಲಿನ ಬಂಡೆಗಳ ನಾಡೇ ಕಿಷ್ಕಿಂಧೆಯೆಂದು ನಮ್ಮ ಜನ ನಂಬಿಕೊಂಡು ಬಂದಿದ್ದಾರೆ. ಭಿಕ್ಷುವಿನ ವೇಷದಲ್ಲಿ ಬೆಟ್ಟವಿಳಿದು ಬಂದ ಹನುಮಂತನು ರಾಮನ ಮುಂದೆ ನಿಂತು ನಾಲ್ಕು ಮಾತನಾಡುತ್ತಾನೆ. ರಾಮನು ಲಕ್ಷ್ಮಣನ ಕಡೆಗೆ ತಿರುಗಿ, ಈತನು ವೇದಗಳನ್ನು ಬಲ್ಲವನು, ವ್ಯಾಕರಣವನ್ನು ಚೆನ್ನಾಗಿ ಓದಿದವನು, ಇಷ್ಟು ಮಾತನಾಡಿದರೂ ಒಂದು ಅಪಶಬ್ದ ಬರಲಿಲ್ಲ ಎಂದು ವಾಲ್ಮೀಕಿಯಲ್ಲಿ ಹೊಗಳುತ್ತಾನೆ. ಮಾತು ಎಳೆಯಲೂ ಇಲ್ಲ, ತಡವರಿಸಲೂ ಇಲ್ಲ ಎನ್ನುತ್ತಾನೆ. ಹೆಂಡತಿಯನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುತ್ತಿದ್ದ ಮನುಷ್ಯನಿಗೆ, ಆ ದುಃಖದ ನಡುವೆ, ಅಪರಿಚಿತನೊಬ್ಬನ ಮಾತಿನ ಸೊಗಸು ಮನಸ್ಸಿಗೆ ತಾಗಿತು. ರಾಮಾಯಣದ ಅತ್ಯಂತ ಗಟ್ಟಿಯಾದ ಸ್ನೇಹಗಳಲ್ಲೊಂದು ಹೀಗೆ ಪ್ರಾರಂಭವಾಗುತ್ತದೆ. ಹನುಮಂತನ ಮೂಗನ್ನಾಗಲಿ ಬಣ್ಣವನ್ನಾಗಲಿ ರಾಮನು ಪ್ರಸ್ತಾಪಿಸುವುದಿಲ್ಲ. ಮುಖ, ಕಣ್ಣು, ಹಣೆ, ಹುಬ್ಬುಗಳನ್ನು ಗಮನಿಸುವುದುಂಟು. ಅದು ಮಾತನಾಡುವಾಗ ಅವುಗಳಲ್ಲಿ ಯಾವ ದೋಷವೂ ಕಾಣಲಿಲ್ಲವೆಂದು ಹೇಳುವುದಕ್ಕೆ.

ಹನ್ನೊಂದನೆಯ ದಿನ ನಾವು ಕಾಗದ ಬರೆದೆವು. ತಾಯಿಯವರು ಮೂರು ದಿನ ಮಾತು ಬಿಟ್ಟರು. ಮದುವೆಯಲ್ಲಿ ಕನ್ಯೆ ವರನ ರೂಪವನ್ನು ಬಯಸುತ್ತಾಳೆ, ತಂದೆ ವಿದ್ಯೆಯನ್ನು ನೋಡುತ್ತಾನೆ ಎಂಬ ಅರ್ಥದ ಸುಭಾಷಿತವೊಂದುಂಟಷ್ಟೆ. ಆ ಲೆಕ್ಕದಲ್ಲಿ ಹುಡುಗಿಯೇ ನಮ್ಮನ್ನು ಬೇಡವೆನ್ನಬೇಕಾಗಿತ್ತು. ಇಪ್ಪತ್ತೊಂದನೆಯ ವಯಸ್ಸಿಗೇ ನಮ್ಮ ತಲೆಯ ಮುಂಭಾಗದ ಕೂದಲು ವಾನಪ್ರಸ್ಥಕ್ಕೆ ಹೊರಟಿತ್ತು. ಬೇಡವೆನ್ನಲಿಲ್ಲ. ಮದುವೆ ಆಯಿತು.

ಆ ಬಳಿಕ ಎಷ್ಟೋ ವರ್ಷಗಳ ಕಾಲ ನಾವು ಈ ಕಥೆಯನ್ನು ಸ್ನೇಹಿತರ ಮುಂದೆ ಹೇಳಿಕೊಂಡು ಮೆರೆದೆವು. ರೂಪಕ್ಕೆ ಸೋಲದೆ ಬುದ್ಧಿಗೆ ಸೋತ ರಸಿಕರೆಂಬ ಬಿರುದನ್ನು ನಮಗೆ ನಾವೇ ಕೊಟ್ಟುಕೊಂಡಿದ್ದೆವು. (ಇಲ್ಲಿ "ನಾವು" ಎಂದು ಬರೆಯುತ್ತಿರುವುದು ಲೇಖನದ ಸಂಪ್ರದಾಯಕ್ಕಾಗಿ. ನಮ್ಮ ಗೃಹಿಣಿ ಇದನ್ನು ಓದಿದರೆ, "ಈ ನಾವಿನಲ್ಲಿ ನಾನು ಸೇರಿಲ್ಲ ತಾನೆ?" ಎಂದು ಖಂಡಿತ ಕೇಳುತ್ತಾಳೆ.) ಒಂದು ರಾತ್ರಿ ವಿದ್ಯುದ್ದೀಪ ಹೋಗಿ, ಎಲ್ಲರೂ ಜಗಲಿಯ ಮೇಲೆ ಕುಳಿತಿದ್ದಾಗ, ಅತಿಥಿಯೊಬ್ಬರಿಗೆ ಇದೇ ಕಥೆಯನ್ನು ಹೇಳಿ ಮುಗಿಸಿದೆವು. ಅವರು ನಕ್ಕು ಮನೆಗೆ ಹೋದರು. ಕತ್ತಲೆಯಲ್ಲಿ ಆಕೆ ಮೆಲ್ಲಗೆ ಹೇಳಿದಳು:

"ನಿಮಗಿಂತ ಮೊದಲು ಐದು ಕಡೆಯವರು ಬಂದಿದ್ದರು. ಐದು ಕಡೆಯವರೂ ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದಿದ್ದರು. ಅವರ ಮುಂದೆಲ್ಲ ನಾನು ತಲೆ ತಗ್ಗಿಸಿ ಹಾಡಿದ್ದೆ. ನೀವೂ ಒಪ್ಪುವುದಿಲ್ಲವೆಂದು ನಿಶ್ಚಯ ಮಾಡಿಕೊಂಡೇ ಆ ದಿನ ಹೊರಗೆ ಬಂದೆ. ಒಪ್ಪುವವರ ಮುಂದಾದರೆ ಹಾಗೆ ಮಾತನಾಡುವ ಧೈರ್ಯ ಬರುತ್ತಿತ್ತೇ?"

ನಾವು ಉತ್ತರ ಕೊಡಲಿಲ್ಲ. ನಾವು ಆಭರಣವೆಂದು ಮೆಚ್ಚಿ ತಂದದ್ದು ಆಕೆಗೆ ಗುರಾಣಿಯಾಗಿತ್ತು. ಅದರ ಮೇಲಿನ ಐದು ಪೆಟ್ಟಿನ ಗುರುತುಗಳನ್ನು ನಾವು ಕುಸುರಿಕೆಲಸವೆಂದು ತಿಳಿದಿದ್ದೆವು. ಆ ಮೇಲೆ ಆ ಕಥೆಯನ್ನು ಹೊರಗಿನವರ ಮುಂದೆ ಹೇಳುವುದನ್ನು ಬಿಟ್ಟೆವು. ಇಂದು ಆಕೆಯ ಅನುಮತಿ ಪಡೆದು ಬರೆಯುತ್ತಿದ್ದೇವೆ.

ಇನ್ನೊಂದು ತಪ್ಪೊಪ್ಪಿಗೆ ಉಳಿದಿದೆ. ನಮ್ಮ ಮಗಳು ಬಣ್ಣದಲ್ಲಿಯೂ ಬಾಯಲ್ಲಿಯೂ ತಾಯಿಯ ಪಡಿಯಚ್ಚು. 1996ರಲ್ಲಿ ಆಕೆಯನ್ನು ನೋಡಲು ಒಂದು ಕಡೆಯವರು ಬರುವರೆಂದಾಯಿತು. ಆ ದಿನ ಬೆಳಿಗ್ಗೆ ನಾವು, ಬುದ್ಧಿಯ ಆರಾಧಕರಾದ ನಾವೇ, ಮಗಳನ್ನು ಕೋಣೆಗೆ ಕರೆದು, "ಇವತ್ತು ಒಂದು ದಿನ ಮಾತು ಕಡಮೆ ಮಾಡಮ್ಮ," ಎಂದೆವು. ಆಕೆ ನಮ್ಮ ಮುಖವನ್ನು ನೋಡಿ, "ಆಗಲಿ ಅಪ್ಪ," ಎಂದಳು. ಬಂದವರ ಪ್ರಶ್ನೆಗಳಿಗೆಲ್ಲ ಹೌದು, ಇಲ್ಲ ಎಂಬ ಎರಡೇ ಉತ್ತರ. ವಾರದ ಮೇಲೆ ಮಧ್ಯಸ್ಥರಿಂದ ವರ್ತಮಾನ ಬಂದಿತು: ಹುಡುಗಿ ಸ್ವಲ್ಪ ಮಂಕು, ಬೇಡವಂತೆ!

ಗೃಹಿಣಿ ಅಂದು ಏನೂ ಅನ್ನಲಿಲ್ಲ. ಊಟಕ್ಕೆ ಬಡಿಸಿ ಒಳಗೆ ಹೋದಳು. ಆಕೆಯ ಮಾತನ್ನು ಮೆಚ್ಚಿ ಮದುವೆಯಾದ ನಮಗೆ ಆಕೆಯ ಮೌನವೂ ಒಂದು ಭಾಷೆಯೆಂಬುದು ಆ ರಾತ್ರಿ ಚೆನ್ನಾಗಿ ತಿಳಿಯಿತು. ಮಗಳು ಎರಡು ವರ್ಷದ ಬಳಿಕ ತನ್ನ ಕಚೇರಿಯಲ್ಲಿ ಲೆಕ್ಕದ ವಿಚಾರವಾಗಿ ಪ್ರತಿದಿನ ತನ್ನೊಡನೆ ಜಗಳವಾಡುತ್ತಿದ್ದ ಒಬ್ಬ ಯುವಕನನ್ನೇ ಮದುವೆಯಾದಳು. ಅಳಿಯಂದಿರ ಕಿವಿಗಳು ಸಾಕಷ್ಟು ದೊಡ್ಡವು. ಆ ಮನೆಯಲ್ಲಿ ಅವು ಉಪಯುಕ್ತವೆಂದು ಸಾಕ್ರೆಟೀಸನ ನ್ಯಾಯದಂತೆ ನಾವು ಒಪ್ಪಿದ್ದೇವೆ.

ಚತುರವಾದ ಮಾತೆಲ್ಲ ಚೆಲುವೆಂದು ನಮ್ಮ ಅಭಿಪ್ರಾಯವಲ್ಲ. ನಮ್ಮ ಬಂಧುಗಳಲ್ಲಿಯೇ ಒಬ್ಬರಿದ್ದರು. ಅವರ ಬುದ್ಧಿಯ ಅಲಗು ಬಹಳ ಹರಿತ. ಅವರು ಬಂದ ಮದುವೆಮನೆಯಲ್ಲಿ ನಾಲ್ಕು ಜನ ನಗುತ್ತಿದ್ದರು, ಒಬ್ಬರು ಹಿತ್ತಿಲಿಗೆ ಹೋಗಿ ಅಳುತ್ತಿದ್ದರು. ಅಂತಹ ಬುದ್ಧಿಗಿಂತ ಪೆದ್ದುತನ ಲೇಸು. ನಮ್ಮಾಕೆಯ ಮಾತಿಗೆ ಗುರಿಯಾದವರು ಸಾಮಾನ್ಯವಾಗಿ ನಾವೇ. ಎರಡನೆಯ ಗುರಿ ಆಕೆಯ ಸ್ವಂತ ಹಲ್ಲು. ನಮ್ಮ ತಾಯಿಯವರನ್ನು ಆಕೆ ಒಂದು ಸಲವೂ ಗೇಲಿ ಮಾಡಲಿಲ್ಲ. ಕಡೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದ ತಾಯಿಯವರು ಮಧ್ಯಾಹ್ನವಾದರೆ ಸಾಕು, "ಅವಳನ್ನು ಕರೆಯಿರೋ, ಏನಾದರೂ ಹೇಳಲಿ," ಎನ್ನುತ್ತಿದ್ದರು. ಮನೆ ಕೆಡಿಸುವ ಮಾತಿನ ಗಾದೆಯನ್ನು ನಾವು ಅವರಿಗೆ ನೆನಪು ಮಾಡಿಕೊಡಲಿಲ್ಲ.

ಕಳೆದ ವರ್ಷ ಆಕೆಯ ಎರಡು ಕಣ್ಣುಗಳ ಪೊರೆಯನ್ನೂ ಒಂದಾದ ಮೇಲೆ ಒಂದರಂತೆ ತೆಗೆಸಬೇಕಾಯಿತು. ಎರಡನೆಯ ಕಣ್ಣಿನ ಪಟ್ಟಿಯನ್ನು ಬಿಚ್ಚಿದ ದಿನ ವೈದ್ಯರು ನಮ್ಮನ್ನು ಎದುರಿಗೆ ನಿಲ್ಲಿಸಿ, "ಯಜಮಾನರು ಈಗ ಹೇಗೆ ಕಾಣುತ್ತಾರೆ ಅಮ್ಮ?" ಎಂದು ಕೇಳಿದರು. ಆಕೆ ನಮ್ಮನ್ನು ತಲೆಯಿಂದ ಕಾಲಿನವರೆಗೆ, ಹೆಣ್ಣು ನೋಡಬಂದ ಸೋದರಮಾವನ ಗಾಂಭೀರ್ಯದಿಂದ, ಸಾವಕಾಶವಾಗಿ ನೋಡಿದಳು.

"ಡಾಕ್ಟರೇ," ಎಂದಳು, "ತೆಗೆದ ಪೊರೆಯನ್ನು ಬಿಸಾಡಿಬಿಟ್ಟಿರಾ, ಇಟ್ಟಿದ್ದೀರಾ?"