ಲ್ಯಾಬಿಗೆ ಮುಂಚಿನ ಮೂರು ದಿನ

ನಮ್ಮ ಭಾವ ತಪ್ಪದೆ ಆಚರಿಸುವ ಒಂದು ವ್ರತವಿದೆ. ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಗೆ ಇನ್ನು ಮೂರು ದಿನ ಇದೆ ಎನ್ನುವಾಗ ಶುರುವಾಗಿ, ಲ್ಯಾಬಿನ ಹುಡುಗಿ ತೋಳಿಗೆ ಕಟ್ಟಿದ ರಬ್ಬರು ಬಿಚ್ಚುವಲ್ಲಿಗೆ ಅದು ಮುಗಿಯುತ್ತದೆ. ಆ ಮೂರು ದಿನ ಅಕ್ಕ ಅಕ್ಕಿ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ. ಬೆಳಿಗ್ಗೆ ಮೆಂತ್ಯ ನೆನೆಸಿದ ನೀರು, ಮಧ್ಯಾಹ್ನ ಹಾಗಲಕಾಯಿ ಪಲ್ಯ, ರಾತ್ರಿ ಸೌತೆಕಾಯಿ. ಕುಕ್ಕರಹಳ್ಳಿ ಕೆರೆಗೆ ದಿನವೂ ಅರ್ಧ ಸುತ್ತು ಹಾಕಿ ಕಟ್ಟೆಯ ಮೇಲೆ ಕೂರುವ ಮನುಷ್ಯ ಪೂರ್ತಿ ಸುತ್ತು ಬರುತ್ತಾರೆ, ಅದೂ ಬಿರಬಿರನೆ. ರಿಪೋರ್ಟು ಬರುತ್ತದೆ: ಫಾಸ್ಟಿಂಗ್ 112. "ನೋಡಯ್ಯ, ಡಾಕ್ಟ್ರೇ ವೆರಿ ಗುಡ್ ಅಂದ್ರು" ಎಂದು ನನಗೆ ಫೋನು. ಅವತ್ತು ಸಂಜೆ ಮನೆಯಲ್ಲಿ ಕಾಯಿ ಹೋಳಿಗೆ.

ಹೋಳಿಗೆಯ ಬಗ್ಗೆ ನನ್ನ ತಕರಾರಿಲ್ಲ. ಅಕ್ಕನ ಕಾಯಿ ಹೋಳಿಗೆಗೆ ತಕರಾರು ತೆಗೆಯುವವನ ಜೊತೆ ನಾನು ಮಾತೂ ಆಡುವುದಿಲ್ಲ. ಕಿರಿಕಿರಿಯಾಗುವುದು ಆ 112ರ ಬಗ್ಗೆ ಭಾವನಿಗಿರುವ ಅಭಿಮಾನ ಕಂಡು. ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಶಾಲೆಗೆ ಸುಣ್ಣ ಬಳಿಸಿ, ದಡ್ಡ ಹುಡುಗರಿಗೆ ರಜೆ ಕೊಟ್ಟು, ಷರಾ ಬರೆಸಿಕೊಂಡ ಹೆಡ್‌ಮಾಸ್ತರರ ಅಭಿಮಾನ ಅದು.

ಭಾವ ಒಬ್ಬರನ್ನೇ ಅಂದು ಪ್ರಯೋಜನವಿಲ್ಲ. ಯಾವುದಾದರೂ ಮದುವೆಮನೆಯ ಪಂಕ್ತಿಯಲ್ಲಿ ಐವತ್ತು ದಾಟಿದವರ ನಡುವೆ ಕೂತು ನೋಡಿ. "ನಿಮ್ಮದೆಷ್ಟು?" "ಮೊನ್ನೆ 130." "ನಂದು 118, ಮಾತ್ರೆ ಅರ್ಧ ಮಾಡಿದಾರೆ." ಹೇಳಿದವರ ಮುಖದಲ್ಲಿ ರ‍್ಯಾಂಕು ಬಂದ ಕಳೆ. 240 ಇರುವವರು ಮೆಲ್ಲಗೆ ಈ ಸಲದ ಮಳೆಯ ವಿಷಯ ತೆಗೆಯುತ್ತಾರೆ. ಐಸಿಎಂಆರ್ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನಲ್ಲಿ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, 'ಬಾರ್ಡರ್‌ನಲ್ಲಿರುವವರು' 13.6 ಕೋಟಿ. ಇಷ್ಟೂ ಜನ ಆ ಅಂಕಿಯನ್ನು ನಡತೆಯ ಸರ್ಟಿಫಿಕೇಟು ಅಂದುಕೊಂಡರೆ ಹೇಗೆ?

ಭಾವನ ವ್ರತಭಂಗವಾದದ್ದು ಒಬ್ಬ ಹೊಸ ಡಾಕ್ಟರಿಂದ. ಆಕೆ 112 ಅನ್ನು ನೋಡಿ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಚೀಟಿಯಲ್ಲಿ ಎಚ್‌ಬಿಎ1ಸಿ ಎಂದು ಬರೆದರು. ನಮ್ಮ ಕಡೆ ಅದಕ್ಕೆ 'ಮೂರು ತಿಂಗಳ ಶುಗರ್' ಅನ್ನುತ್ತಾರೆ. ರಕ್ತದಲ್ಲಿ ಓಡಾಡುವ ಸಕ್ಕರೆ ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಅಂಟಿದ್ದು ಬಿಡುವುದಿಲ್ಲ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಯುಗಾದಿಯ ಒಬ್ಬಟ್ಟು, ಮೊಮ್ಮಗನ ನಾಮಕರಣದ ಚಿರೋಟಿ, ಯಾರಿಗೂ ಹೇಳದೆ ದೇವರಾಜ ಮಾರುಕಟ್ಟೆಯ ಹತ್ತಿರ ತಿಂದ ಮೈಸೂರು ಪಾಕು, ಎಲ್ಲವೂ ಅಲ್ಲಿ ಜಮಾ. ಮೂರು ದಿನದ ಹಾಗಲಕಾಯಿಗೆ ಅದನ್ನು ಅಳಿಸುವ ತಾಕತ್ತಿಲ್ಲ. ಭಾವನದು 9.2 ಬಂತು. ಸರಾಸರಿಗೆ ಇಳಿಸಿದರೆ ಸುಮಾರು 217. "ಲ್ಯಾಬಿನೋರು ಯಾರದೋ ಬಾಟ್ಲಿಗೆ ನನ್ನ ಹೆಸರು ಅಂಟಿಸಿದಾರೆ" ಎಂದು ಭಾವ. ಅಕ್ಕ ಏನೂ ಹೇಳದೆ ಹೋಗಿ ಹೋಳಿಗೆ ಕಾವಲಿಯನ್ನು ಅಟ್ಟಕ್ಕೆ ಹಾಕಿ ಬಂದಳು.

ನಮ್ಮ ತಾತನಿಗೆ ಈ ಅಂಕಿಗಳ ಕಾಟವೇ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯೆಂದರೆ ಬಣ್ಣ. ಅಜ್ಜಿಯ ಮಡಿಗೆ ಹೆದರಿ ಬಚ್ಚಲುಮನೆಯ ಗೂಡಿನಲ್ಲಿ ಅವರ ಪ್ರಯೋಗಶಾಲೆ: ಸ್ಪಿರಿಟ್ ದೀಪ, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಹಿಡಿದ ಗಾಜಿನ ನಳಿಗೆ, ಬೆನೆಡಿಕ್ಟ್ ದ್ರಾವಣದ ಬಾಟಲಿ. ಐದು ಎಂಎಲ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಆಮೇಲೆ ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ನಾನು ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ; ಕೆಂಪು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಅದು ಚೆಂದ ಕಾಣುತ್ತಿತ್ತು. ತಾತ ಪಂಚಾಂಗದ ಅಂಚಿನಲ್ಲಿ, ಏಕಾದಶಿಯ ಪಕ್ಕ ಅಮಾವಾಸ್ಯೆಯ ಪಕ್ಕ, 'ಹ', 'ಕಿ', 'ಕೆಂ' ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಪಾಪ, ಅವರಿಗೆ ಸಿಗುತ್ತಿದ್ದದ್ದು ಹಳಸಿದ ಸುದ್ದಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದು. ಅದರ ಕೆಳಗೆ 170 ಇದ್ದರೂ ನೀಲಿ, 50ಕ್ಕೆ ಇಳಿದು ಕೈಕಾಲು ನಡುಗುತ್ತಿದ್ದರೂ ನೀಲಿ.

ಆ ಕಾಲದಲ್ಲಿ ರೋಗಿ ತನ್ನ ರಕ್ತದ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು ಎಲ್ಲೂ ಇರಲಿಲ್ಲ. ಅದಕ್ಕೆ ದಾರಿ ಮಾಡಿದವರಲ್ಲಿ ಮೊದಲಿಗರು ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್. ಡಾಕ್ಟರಲ್ಲ, ಎಂಜಿನಿಯರು. ಹನ್ನೆರಡನೇ ವಯಸ್ಸಿಗೆ, 1946ರಲ್ಲಿ, ಅವರಿಗೆ ಟೈಪ್ 1 ಬಂತು. ಮೂವತ್ತು ದಾಟುವ ಹೊತ್ತಿಗೆ ಹೇಳಿದ ಇನ್ಸುಲಿನ್ನು ಹೇಳಿದ ಹಾಗೆ ಚುಚ್ಚಿಕೊಂಡೂ ದೇಹ ಸೋಲುತ್ತಿತ್ತು. 1969ರಲ್ಲಿ ಲ್ಯಾಬು ಸಲಕರಣೆಗಳ ಪತ್ರಿಕೆಯೊಂದರಲ್ಲಿ ಒಂದು ಯಂತ್ರದ ಜಾಹೀರಾತು ಕಂಡರು: ಒಂದು ಹನಿ ರಕ್ತ, ಒಂದು ನಿಮಿಷ, ಶುಗರ್ ಎಷ್ಟೆಂದು ಮುಳ್ಳು ತೋರಿಸುತ್ತದೆ. ಆಸ್ಪತ್ರೆಗಳಿಗೆ ಅದು ಯಾಕೆ ಬೇಕಿತ್ತು ಗೊತ್ತೇ? ರಾತ್ರಿ ಲ್ಯಾಬು ಮುಚ್ಚಿದ ಮೇಲೆ ಎಚ್ಚರ ತಪ್ಪಿ ಬಂದವನು ಸಕ್ಕರೆ ರೋಗಿಯೋ ಕುಡುಕನೋ ಎಂದು ಪತ್ತೆ ಮಾಡಲು. ತೂಕ ಸುಮಾರು ಒಂದೂಕಾಲು ಕಿಲೋ, ಬೆಲೆ 650 ಡಾಲರು. ಡಾಕ್ಟರಲ್ಲದವರಿಗೆ ಮಾರುವುದಿಲ್ಲ ಎಂದರು. ಬರ್ನ್‌ಸ್ಟೈನ್ ಅವರ ಹೆಂಡತಿ ಡಾಕ್ಟರು. ಆಕೆಯ ಹೆಸರಿನಲ್ಲಿ ತರಿಸಿದರು. (ಸಕ್ಕರೆ ರೋಗಿಯ ಬಾಳು ಹೆಂಡತಿಯ ಕೈಯಲ್ಲಿರುವುದು ಮೈಸೂರಿನಲ್ಲಿ ಮಾತ್ರವಲ್ಲ.)

ಆಮೇಲೆ ಅವರು ಮಾಡಿದ್ದು ಅಪ್ಪಟ ಎಂಜಿನಿಯರ್ ಕೆಲಸ. ದಿನಕ್ಕೆ ಐದಾರು ಸಲ ಚುಚ್ಚಿಕೊಂಡು ನೋಡಿದರು, ಬರೆದಿಟ್ಟರು. ಇಷ್ಟು ತಿಂದರೆ ಎಷ್ಟು ಏರುತ್ತದೆ, ಇಷ್ಟು ಇನ್ಸುಲಿನ್ನಿಗೆ ಎಷ್ಟು ಇಳಿಯುತ್ತದೆ. ಒಂದೇ ಸಮನೆ 'ಕಂಟ್ರೋಲ್‌ನಲ್ಲಿದೆ' ಅಂದುಕೊಂಡಿದ್ದದ್ದು ದಿನವಿಡೀ ಪಾತಾಳಕ್ಕೂ ಆಕಾಶಕ್ಕೂ ಓಡಾಡುತ್ತಿತ್ತು. ಊಟ ಬದಲಿಸಿದರು, ಇನ್ಸುಲಿನ್ನನ್ನು ಸಣ್ಣ ಸಣ್ಣ ಪಾಲು ಮಾಡಿದರು, ಏರಿಳಿತ ನಿಂತಿತು. ಇದನ್ನು ಬರೆದು ಕಳಿಸಿದರೆ ವೈದ್ಯಕೀಯ ಪತ್ರಿಕೆಗಳು ವಾಪಸ್ಸು ಕಳಿಸಿದವು. ಎಂಜಿನಿಯರ ಮಾತು ಯಾರು ಕೇಳುತ್ತಾರೆ? ಸರಿ, ಡಾಕ್ಟರೇ ಆಗಿಬಿಡೋಣ ಎಂದು 45ನೇ ವಯಸ್ಸಿಗೆ ಮೆಡಿಕಲ್ ಕಾಲೇಜು ಸೇರಿದರು, ಆದರು. ಅವರ ಊಟದ ಪದ್ಧತಿಯ ಬಗ್ಗೆ ಡಾಕ್ಟರುಗಳಲ್ಲಿ ಇಂದಿಗೂ ಜಗಳವಿದೆ. ದಿನಕ್ಕೆ 30 ಗ್ರಾಂ ಪಿಷ್ಟ ಎಂದರೆ ಎರಡು ಮೂರು ಇಡ್ಲಿಗೆ ಆ ದಿನದ ಲೆಕ್ಕ ಚುಕ್ತಾ. ನನ್ನಿಂದ ಆಗದ ಕೆಲಸ. ಆದರೆ ಟೈಪ್ 1 ಹೊತ್ತುಕೊಂಡು 90 ವರ್ಷ ಬದುಕಿ 2025ರಲ್ಲಿ ತೀರಿಕೊಂಡವರನ್ನು ಹಾಸ್ಯ ಮಾಡಲು ನಾಲಿಗೆ ಏಳುವುದಿಲ್ಲ.

ಅವರು ಯಂತ್ರದ ಮುಂದೆ ಕೂತದ್ದು ಯಾರಿಂದಲೂ ವೆರಿ ಗುಡ್ ಅನ್ನಿಸಿಕೊಳ್ಳಲು ಅಲ್ಲ. 300 ಬಂದರೆ ಅವರು ಕೇಳುತ್ತಿದ್ದದ್ದು ಯಾಕೆ ಬಂತು ಎಂದು. ನಮ್ಮ ಬೀದಿಯಲ್ಲೂ ಹಾಗೆ ಕೇಳುವವರು ಒಬ್ಬರಿದ್ದಾರೆ, ಏಳನೇ ಕ್ಲಾಸು ಓದುವ ಹುಡುಗಿ. ಅವಳಿಗೂ ಟೈಪ್ 1. ತೋಳಿಗೆ ಅಂಟಿಸಿದ ಬಿಲ್ಲೆ ಅವಳಮ್ಮನ ಫೋನಿಗೆ ಗಳಿಗೆ ಗಳಿಗೆಗೂ ಅಂಕಿ ಕಳಿಸುತ್ತದೆ. ರಾತ್ರಿ ಎರಡು ಗಂಟೆಗೆ 70ರ ಕೆಳಗಿಳಿದು ಫೋನು ಕೂಗಿದರೆ ಆ ತಾಯಿ ಎದ್ದು ಗ್ಲೂಕೋಸ್ ಕಲಸಿ ಕುಡಿಸಿ, ಕಾಲು ಗಂಟೆ ಕಾದು, ಮತ್ತೆ ನೋಡಿಯೇ ಮಲಗಬೇಕು. ಅವರ ಮನೆಯಲ್ಲಿ ಅಂಕಿಗೆ ಅಲಂಕಾರ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಹುಡುಗಿಯಂತೂ ಗೇಟಿನಿಂದಲೇ ಕೂಗುತ್ತಾಳೆ: "ಅಂಕಲ್, ಇವತ್ತು 260. ಪಿಟಿ ಪೀರಿಯಡ್ ಇರ್ಲಿಲ್ಲ, ಅದಕ್ಕೆ." ಕಾರಣವೂ ಅವಳೇ ಕಂಡುಕೊಂಡಿರುತ್ತಾಳೆ. ಭಾವನಿಗೆ ಅವಳ ಹತ್ತಿರ ಟ್ಯೂಷನ್ ಹೇಳಿಸಬೇಕು ಎಂದು ನನ್ನ ಆಸೆ.

ಈಗ ಭಾವನೂ ಗ್ಲೂಕೋಮೀಟರ್ ಕೊಂಡಿದ್ದಾರೆ. ಹೋಳಿಗೆ ಕಾವಲಿ ಅಟ್ಟದಿಂದ ಇಳಿಯಬೇಕಾದರೆ ಅದು ಬೇಕೇಬೇಕು ಎಂದು ಅಕ್ಕ ಷರತ್ತು ಹಾಕಿದ್ದಳು. ಒಂದೊಂದು ಸ್ಟ್ರಿಪ್ಪಿಗೂ ದುಡ್ಡು ಲೆಕ್ಕ ಹಾಕಿ ನರಳುತ್ತಾರೆ. ಇವತ್ತು 150, ಮತ್ತೆ ಚುಚ್ಚಿದರೆ 160, ಮೆಷಿನ್ನೇ ಸರಿಯಿಲ್ಲ ಎಂದು ಗೊಣಗುತ್ತಾರೆ. ಮನೆಯ ಮೀಟರು ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು, ಹತ್ತಕ್ಕೆಲ್ಲ ತಲೆ ಕೆಡಿಸಿಕೊಳ್ಳಬಾರದು ಎಂದರೆ ಕೇಳುವುದಿಲ್ಲ. ರಾತ್ರಿ ಎರಡೇ ಚಪಾತಿ ತಿಂದು ಮಲಗಿದರೂ ಬೆಳಿಗ್ಗೆ ಹೆಚ್ಚಿರುವುದು ಅವರಿಗೆ ದೊಡ್ಡ ಅನ್ಯಾಯವಾಗಿ ಕಂಡಿದೆ. ನಸುಕಿನ ಹಾರ್ಮೋನುಗಳ ಮಾತು ಕೇಳಿ ಲಿವರ್ರು ತಾನೇ ಸಕ್ಕರೆ ಬಿಡುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ, ಮನೆಯೊಳಗೇ ಕಳ್ಳನಿದ್ದಾನೆ ಎಂದು ಅವರಿಗೆ ಒಂಥರಾ ಸಮಾಧಾನವೂ ಆಗಿದೆ.

ಹೋದ ಬೇಸಗೆಯಲ್ಲಿ ಒಂದು ಸಂಜೆ ಮೀಟರು 380 ತೋರಿಸಿತು. "ಮೊಮ್ಮಕ್ಕಳಿಗೆ ರಸಪುರಿ ಹಣ್ಣು ಸುಲಿದುಕೊಟ್ಟೆ ಅಷ್ಟೇ ಕಣೇ, ಒಂದು ಚೂರೂ ಬಾಯಿಗೆ ಹಾಕ್ಕೊಂಡಿಲ್ಲ" ಎಂದು ಭಾವ ಗೋಗರೆದರೂ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ಬೀದಿಯ ಆ ಹುಡುಗಿಯೇ, "ತಾತ, ಕೈ ತೊಳ್ಕೊಂಡು ಬನ್ನಿ" ಎಂದಳು. ತೊಳೆದು ಬಂದು ಚುಚ್ಚಿದರೆ 168. ನೀವೂ ಹಣ್ಣು ಮುಟ್ಟಿದ ಕೈಯಲ್ಲಿ ಚುಚ್ಚಿಕೊಳ್ಳಬೇಡಿ. ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿದರೆ ಸಾಲದು. ಸೋಪು ಹಾಕಿ, ನಲ್ಲಿಯ ಕೆಳಗೆ ಹಿಡಿದು ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ.