ತುಳಸಿದಳ ಮತ್ತು ತಂಗಿಯ ಜ್ವರ

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದ ಕಾದಂಬರಿ. 1985ರಲ್ಲಿ ಕನ್ನಡ ಸಿನಿಮಾ ಕೂಡ ಆಯಿತು. ಪಟ್ಟಣದ ಪುಟ್ಟ ಹುಡುಗಿ ತುಳಸಿಯ ಮೇಲೆ ಕಾಷ್ಮೋರಾ ಎಂಬ ಮಾಟ ಮಾಡಿಸುತ್ತಾರೆ. ಮಂತ್ರವಾದಿ, ಡಾಕ್ಟರು ಇಬ್ಬರೂ ಕತೆಯಲ್ಲಿದ್ದಾರೆ.

ರಾಯಚೂರಿನ ನಮ್ಮ ಮನೆಯಲ್ಲಿ ಅದನ್ನು ಓದಿ ಮಾನ್ವಿಯ ಅಜ್ಜಿ, “ಮಾಟ ಖರೇನೇ ಅದ” ಎಂದರು. ದೇವದುರ್ಗದ ಸೋದರಮಾವ, “ಬರೇ ಕಟ್ಟುಕತಿ. ಮಕ್ಕಳ ಕೈಗೆ ಕೊಡಬ್ಯಾಡ್ರಿ” ಎಂದು ಸಿಡುಕಿದರು. ನಾನು ಕದ್ದು ಓದಿ, ರಾತ್ರಿ ಹಿತ್ತಲಿಗೆ ಹೋಗಲು ಹೆದರಿದೆ.

ಅದೇ ವಾರ ತಂಗಿಗೆ ನಡುಗುವ ಜ್ವರ. ಅಜ್ಜಿ ತಾಯಿತ ಕಟ್ಟಿದರು. ಮಾವ ರಕ್ತ ಪರೀಕ್ಷೆ ಮಾಡಿಸಿದರು: ಮಲೇರಿಯಾ. ಅಜ್ಜಿ ತಾಯಿತ ಬಿಚ್ಚಲಿಲ್ಲ. ಆದರೆ ಹೊತ್ತುಹೊತ್ತಿಗೆ ಗುಳಿಗೆ ನುಂಗಿಸಿದವರು ಅವರೇ.

ತಂಗಿ ಎದ್ದು ಕೂತ ದಿನ ಕೇಳಿದೆ, “ಅಜ್ಜಿ, ಯಾವುದರಿಂದ ಕಡಿಮಿ ಆತು?”

“ಗುಳಿಗಿಯಿಂದ,” ಎಂದು ನಕ್ಕರು. “ಆದ್ರ ಕತಿ ಚಲೋ ಅದ. ಇನ್ನೊಮ್ಮೆ ಓದು, ಕೇಳ್ತೀನಿ.”